ಎಡಕ್ಕೆ ಎಳೆಯುವ ಗರಗಸ

ಜೂನ್ 4

ತಮ್ಮಾ,

ಗರಗಸ ಬಂತು. ಬಸ್ಸಿನ ಡ್ರೈವರ್ ತನ್ನ ಸೀಟಿನ ಹಿಂದೆ ಗೋಣಿಯಲ್ಲಿ ಸುತ್ತಿ ಇಟ್ಟಿದ್ದ, ಇಳಿಸಿಕೊಂಡೆ. ಜೊತೆಗಿದ್ದ ಕಾಗದವನ್ನೂ ಓದಿದೆ. ಓದಿ ಏನೂ ತಿಳಿಯಲಿಲ್ಲ.

ಹೊಸ ಮನೆ ಸೆಟ್ ಆಯ್ತು ಅಂತೀಯ. ಹೆಂಡ್ತಿ ಆ ಊರಿಗೆ ಸೆಟ್ ಆದಳು ಅಂತೀಯ. ನಾಟಕದ ಕಂಪನಿಯಲ್ಲಿ ನಿನ್ನ ಕೆಲಸ ಸೆಟ್ ಅಂತೀಯ, ಅಲ್ಲಿ ನೀನು ಕಟ್ಟೋ ಸುಳ್ಳು ಮನೆ, ಸುಳ್ಳು ಗೋಡೆಗೂ ಸೆಟ್ ಅಂತಲೇ ಹೆಸರು. ಮ್ಯಾನೇಜರ್ ಹತ್ತಿರ ಏನೋ ಮಾತಾಗಿತ್ತು, ಅದನ್ನೂ ಸೆಟ್ ಮಾಡ್ಕೊಂಡೆ ಅಂತೀಯ. ಏನು ಮಾತಾಗಿತ್ತು? ಹೇಗೆ ಮುಗೀತು? ಅದಿಲ್ಲ. ಆ ಒಂದು ಪದ ಕಿತ್ತು ಹಾಕಿದರೆ ನಿನ್ನ ಕಾಗದದಲ್ಲಿ ಉಳಿಯೋದು ಮೇಲಿನ "ಅಕ್ಕಾ" ಮತ್ತು ಕೆಳಗಿನ "ಬೇಗ ಕಳಿಸು", ಅಷ್ಟೇ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಂಗ್ಲಿಷು ಬರಲ್ಲ. ಆದರೆ ಈ ಪದವನ್ನು ನಿನಗಿಂತ ಮೊದಲು ಕಲಿತವಳು ನಾನೇ. ಅಪ್ಪ ಬೆಂಚಿನ ಮುಂದೆ ನಿಲ್ಲಿಸಿ ತೋರಿಸಿದ್ದ: ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಪಕ್ಕದ್ದು ಬಲಕ್ಕೆ, ಕೂದಲೆಳೆಯಷ್ಟು ಬಾಗಿಸಬೇಕು. ಆಗ ಅಲಗಿಗಿಂತ ದಾರಿ ಅಗಲ ಆಗುತ್ತೆ, ಗರಗಸ ಮರದೊಳಗೆ ಸಿಕ್ಕಿಕೊಳ್ಳಲ್ಲ. ಅದು ಸೆಟ್. ಅಪ್ಪನ ಬಾಯಲ್ಲಿ ಆ ಪದಕ್ಕೆ ಅದೊಂದೇ ಕೆಲಸ. ಈಗ ನೋಡು, ಎಲ್ಲರ ಮನೆಯಲ್ಲೂ ಜೀತ ಮಾಡ್ತಿದೆ. ನನ್ನ ಬಾಯಲ್ಲಿರೋ ಕಟ್ಟಿದ ಹಲ್ಲಿಗೂ ಡಾಕ್ಟರು ಸೆಟ್ ಅಂತಾನೆ. ಮೊನ್ನೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗರಗಸದ ಹಲ್ಲು ಮಸೆಯೋಕೆ ಒಂದು ಮೂರು ಮೂಲೆ ಅರ ಕೊಡಪ್ಪ ಅಂದೆ.

"ಬಿಡಿ ಇಲ್ಲ ಅಜ್ಜಿ, ಸೆಟ್‌ನಲ್ಲೇ ತಗೋಬೇಕು."

"ನನಗೆ ಬೇಕಾಗಿರೋದು ಒಂದು."

"ಸೆಟ್ ಒಡೆದರೆ ಮಿಕ್ಕಿದ್ದು ಯಾರು ತಗೋತಾರೆ? ಮೊದಲು ನಿಮ್ಮ ಮೈಂಡ್‌ಸೆಟ್ ಬದಲಾಯಿಸಿಕೊಳ್ಳಿ."

ಅವನ ಅಂಗಡಿ ಬಾಗಿಲಲ್ಲೇ ನಿಂತು ಎಷ್ಟು ಬೇಕೋ ಅಷ್ಟು ಅಂದು ಬಂದೆ. ಅರ ಬಿಡಿಯಾಗೇ ಕೊಟ್ಟ.

ಈಗ ಗರಗಸದ ವಿಚಾರ. ಇದು ಅಪ್ಪನ ಗರಗಸ. ಇದಕ್ಕೆ ಹಲ್ಲು ಮಸೆಯೋಳು ನಾನು, ಇದರಲ್ಲಿ ಕೊಯ್ಯೋನು ನೀನು, ಮೂರನೆಯವರ ಕೈ ಸೋಕಬಾರದು ಅಂತ ಅಪ್ಪ ಹೇಳಿದ್ದು ನೆನಪಿದೆಯಾ? ಹಾಗಾದರೆ ಹೇಳು. ಎಡಗಡೆ ಸಾಲಿನ ಹಲ್ಲುಗಳನ್ನು ಕಲ್ಲಿನಿಂದ ಸವರಿದವರು ಯಾರು? ಮೊದಲಿನಿಂದ ಕೊನೆವರೆಗೆ ಒಂದೇ ಹದದಲ್ಲಿ ಸವರಿದ್ದಾರೆ. ಇನ್ನೊಂದು. ಮಧ್ಯದ ಹಲ್ಲು ಮೊಂಡಾಗಿವೆ, ತುದಿಯವೂ ಬುಡದವೂ ನಾನು ಮಸೆದ ಹಾಗೇ ಹೊಳೀತಾ ಇವೆ. ನೀನು ಉದ್ದ ತೋಳಿನವನು, ಇಡೀ ಅಲಗು ಎಳೀತೀಯ. ಮತ್ತೆ ಪ್ರತಿ ಸಲ ಬುಡದ ಹಲ್ಲು ಒಂದಾದರೂ ಮುರಿದು ಕಳಿಸ್ತೀಯ. ಈ ಸಲ ಒಂದೂ ಮುರಿದಿಲ್ಲ. ಹಲ್ಲು ಮುರೀದಿರೋದಕ್ಕೆ ನಾನು ಸಂತೋಷಪಡಬೇಕು. ಪಡ್ತಿಲ್ಲ.

ನಿನ್ನ ಕಾಗದದ ಸಾಲುಗಳು ಯಾಕೆ ಕೆಳಗೆ ಜಾರ್ತಾ ಹೋಗಿವೆ? ಕುಡಿಯೋಕೆ ಶುರು ಮಾಡಿದೀಯಾ?

ಫೋನ್ ಮಾಡಬೇಡ. ಅರದ ಕಿರುಚಾಟಕ್ಕೆ ಕಿವಿ ಹೋಗಿದೆ, ಎದುರಿನವರ ತುಟಿ ನೋಡಿದರೆ ಮಾತ್ರ ಮಾತು ತಿಳಿಯುತ್ತೆ ಅಂತ ಗೊತ್ತಿದ್ದೂ ಫೋನ್ ಮಾಡೋನು ಹೇಳೋಕೆ ಇಷ್ಟ ಇಲ್ಲದ್ದನ್ನೇ ಹೇಳ್ತಾನೆ. ಬರಿ.

ಅಕ್ಕ


ಜೂನ್ 12

ಅಕ್ಕಾ,

ನಿನ್ನ ಬೈಗುಳ ಓದಿ ಮನೆಯಲ್ಲಿ ಎಲ್ಲರೂ ನಕ್ಕೆವು. ಎಲ್ಲರೂ ಅಂದರೆ ನಾನು ಮತ್ತೆ ಇವಳು. ಹಾರ್ಡ್‌ವೇರ್ ಅಂಗಡಿಯವನನ್ನು ನೆನೆಸಿಕೊಂಡರೆ ಪಾಪ ಅನಿಸುತ್ತೆ.

ಕುಡಿಯೋದಿಲ್ಲ. ಕುಂಟುವ ಮೇಜಿನ ಮೇಲೆ ಬರೀತೀನಿ. ಎಲ್ಲರ ಮನೆಗೂ ಮೇಜು ಮಾಡಿಕೊಡೋ ನನ್ನ ಮನೆಯ ಮೇಜು ಕುಂಟುತ್ತೆ ಅಂತ ಇವಳೂ ಅಂತಿರ್ತಾಳೆ.

ಇಲ್ಲಿ ಈಗ ಬರೀ ಪ್ಲೈವುಡ್. ಅದರ ಗೋಂದು ಹಲ್ಲನ್ನು ತಿಂದು ಹಾಕುತ್ತೆ, ಅದಕ್ಕೇ ಮೊಂಡು. ರಂಗದ ಹಿಂದಿನ ಜಾಗ ಇಕ್ಕಟ್ಟು, ಬೆನ್ನು ಗೋಡೆಗೆ ತಾಗುತ್ತೆ, ಉದ್ದಕ್ಕೆ ಎಳೆಯೋಕಾಗಲ್ಲ. ಅದಕ್ಕೇ ಮಧ್ಯದ್ದು ಮಾತ್ರ ಸವೆದಿದೆ. ಎಡಗಡೆ ಸವರಿದ್ದು ನಾನೇ. ಕೊಯ್ಯುವಾಗ ಗರಗಸ ಎಡಕ್ಕೆ ಎಳೀತಾ ಇತ್ತು, ಗೆರೆ ಬಿಟ್ಟು ಹೋಗ್ತಿತ್ತು. ನಿನಗೆ ವಯಸ್ಸಾಯ್ತಲ್ಲ, ಕೈ ಒಂಚೂರು ಹೆಚ್ಚು ಕಡಿಮೆ ಆಗಿರುತ್ತೆ ಅಂತ ನಾನೇ ಸರಿ ಮಾಡ್ಕೊಂಡೆ. ಬೇಜಾರು ಮಾಡ್ಕೋಬೇಡ.

ಈಗ ಅವಸರದ ಮಾತು. ಜುಲೈ 28ಕ್ಕೆ ಹೊಸ ನಾಟಕದ ಮೊದಲ ಆಟ. ರಂಗದ ಮೇಲೆ ದೊಡ್ಡ ಮೆಟ್ಟಿಲು ಬೇಕು. ಬಣ್ಣ ಬಳಿದ ಸುಳ್ಳು ಮೆಟ್ಟಿಲಲ್ಲ, ನಾಯಕಿ ಓಡಿ ಇಳಿಯೋದು, ಇಳಿದು ಮತ್ತೆ ಹತ್ತೋದು. ನೀನು "ಕಟ್ಟಿ ಮುರಿಯೋ ಮನೆ" ಅಂತ ಹಂಗಿಸ್ತೀಯಲ್ಲ, ಇದು ಮುರಿಯೋ ಹಾಗಿಲ್ಲ. ಬೆಳಗಿಂದ ಸಂಜೆವರೆಗೆ ಅಲ್ಲೇ ತಾಲೀಮು. ಮಷೀನ್ ಗರಗಸ ಹಾಕಿದರೆ ಮಾತು ಕೇಳಲ್ಲ ಅಂತ ಡೈರೆಕ್ಟರ್ ಕೂಗಾಡ್ತಾರೆ. ಕೈ ಗರಗಸವೇ ಗತಿ. ಇಲ್ಲಿ ಸಿಗೋದೆಲ್ಲ ಒಂದು ಸಲ ಉಪಯೋಗಿಸಿ ಎಸೆಯೋ ತಗಡು, ಎರಡು ಹಲಗೆಗೆ ಮೊಂಡು. ಅಪ್ಪನ ಗರಗಸ ಇಲ್ಲದೆ ಈ ಮೆಟ್ಟಿಲು ಆಗಲ್ಲ. ಮೆಟ್ಟಿಲು ಆಗದಿದ್ದರೆ ಮ್ಯಾನೇಜರ್ ಬೇರೆ ಆಳು ಕರೆಸ್ತಾನೆ, ಕರೆಸಿದರೆ ನಾನು ಹೊರಗೆ.

ಬೇಗ ಮಸೆದು ಕಳಿಸು. ಮಿಕ್ಕಿದ್ದೆಲ್ಲ ಸೆಟ್. (ಬೈಬೇಡ, ಕೈ ತಪ್ಪಿ ಬಂತು.)

ನಿನ್ನ ತಮ್ಮ


ಜೂನ್ 17

ತಮ್ಮಾ,

ನೀನು ಸಿಕ್ಕಿಬಿದ್ದೆ.

ಇಷ್ಟು ವರ್ಷ ನಿನಗೆ ಹೇಳದೆ ಇದ್ದ ಒಂದು ವಿಷಯ ಇದೆ. ಈಗ ಹೇಳ್ತೀನಿ, ಯಾಕಂದರೆ ನೀನು ನನ್ನ ವಯಸ್ಸಿನ ಮೇಲೆ ತಪ್ಪು ಹೊರಿಸಿದೆ.

ಕೊಯ್ಯುವಾಗ ನಿನ್ನ ಮಣಿಕಟ್ಟು ಬಲಕ್ಕೆ ತಿರುಗುತ್ತೆ. ಮೀಸೆ ಬರೋ ಮುಂಚಿನಿಂದ ಹಾಗೇ. ಗೆರೆ ಬಲಕ್ಕೆ ಓಡೋದು, ಅಪ್ಪ ಬೈಯೋದು, ನೀನು ಮರದ ರಾಶಿ ಹಿಂದೆ ಹೋಗಿ ಅಳೋದು. ನೋಡೋಕಾಗಲಿಲ್ಲ. ಒಂದು ದಿನ ಮಸೆಯುವಾಗ ಎಡಗಡೆ ಹಲ್ಲುಗಳನ್ನು ಬಲಗಡೆಯದಕ್ಕಿಂತ ಸ್ವಲ್ಪ ಹೆಚ್ಚು ಬಾಗಿಸಿದೆ. ಗರಗಸ ಎಡಕ್ಕೆ ಎಳೆಯುತ್ತೆ, ನಿನ್ನ ಕೈ ಬಲಕ್ಕೆ ಎಳೆಯುತ್ತೆ, ಇಬ್ಬರ ಜಗ್ಗಾಟದಲ್ಲಿ ಗೆರೆ ನೇರ. ಅವತ್ತಿಂದ ಇವತ್ತಿನವರೆಗೂ ಹಾಗೇ ಮಸೀತಾ ಬಂದಿದೀನಿ. ಅಪ್ಪನಿಗೂ ಹೇಳಲಿಲ್ಲ.

ಆದ್ದರಿಂದ ಕೇಳಿಸ್ಕೋ. ನಿನ್ನ ಕೈಯಲ್ಲಿ ಆ ಗರಗಸ ಎಡಕ್ಕೆ ಎಳೆಯೋಕೆ ಸಾಧ್ಯವೇ ಇಲ್ಲ. ಬೇರೆ ಯಾರ ಕೈಯಲ್ಲಿದ್ದರೂ ಎಳೆಯುತ್ತೆ. ಎಳೆದಿದೆ. ಎಳೆದಿದ್ದು ಗೊತ್ತಾಗಿ, ಯಾವ ಸಾಲು ಹೆಚ್ಚಿದೆ ಅಂತ ಕಂಡುಹಿಡಿದು, ಕಲ್ಲು ಹಿಡಿದು ಅಷ್ಟನ್ನೇ ತೆಗೆದವನು ಯಾರೋ ಇದ್ದಾನೆ. ಅದು ನೀನಲ್ಲ. ನಿನಗೆ ಇಷ್ಟು ವರ್ಷದಲ್ಲಿ ಎಡಗಡೆ ಹಲ್ಲು ಹೆಚ್ಚಿದೆ ಅಂತಲೇ ಗೊತ್ತಾಗಲಿಲ್ಲ.

ಇಕ್ಕಟ್ಟು ಜಾಗ, ಗೋಂದು, ಕುಂಟೋ ಮೇಜು, ಎಲ್ಲಾ ಕಟ್ಟುಕತೆ. ನಾಟಕದವರ ಜೊತೆ ಇದ್ದು ಚೆನ್ನಾಗೇ ಕಲಿತಿದೀಯ.

ಯಾರವನು? ಸಂಬಳಕ್ಕೆ ಆಳು ಇಟ್ಟುಕೊಂಡು ನೀನು ಕುರ್ಚಿ ಮೇಲೆ ಕೂತಿದೀಯಾ? ಇಲ್ಲ ಗರಗಸವನ್ನೇ ಯಾರಿಗಾದರೂ ಕೊಟ್ಟುಬಿಟ್ಟು, ಮಸೆಯೋಕೆ ಮಾತ್ರ ನನ್ನ ಹತ್ತಿರ ಕಳಿಸ್ತಾ ಇದೀಯಾ? ಇದರಲ್ಲಿ ನಿನ್ನ ಹೆಂಡ್ತಿಯ ಕೈ ಎಷ್ಟಿದೆ? ಹಳೇ ಸಾಮಾನು ಯಾಕೆ ಅಂತ ಅವಳು ಮದುವೆಯಾದ ಹೊಸದರಲ್ಲೇ ಒಂದು ಸಲ ಅಂದಿದ್ದಳು. ನಾನು ಮರೆತಿಲ್ಲ.

ಗರಗಸ ಮಸೆದು ಮುಗಿದಿದೆ. ಗೋಡೆಗೆ ನೇತು ಹಾಕಿದೀನಿ. ನಿಜ ಬರೆಯೋವರೆಗೂ ಅಲ್ಲೇ ಇರುತ್ತೆ.

ಅಕ್ಕ


ಜೂನ್ 30

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ. ಬರೆದು ಹರಿದೆ, ಮತ್ತೆ ಬರೆದೆ.

ಅಪ್ಪ ಹಾಸಿಗೆ ಹಿಡಿದಿದ್ದಾಗ ನಾನು ಕೊಯ್ದ ಒಂದು ಹಲಗೆ ತರಿಸಿಕೊಂಡು ಅಂಚಿನ ಮೇಲೆ ಬೆರಳಾಡಿಸಿ ನೋಡಿದ. "ಕೈ ನೇರವಾಯ್ತು ಕಣೋ" ಅಂದ. ನೀನೂ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಹೊಸ ಊರು, ಹೊಸ ಜನ, ಯಾರಾದರೂ ಏನಾದರೂ ಅಂದಾಗ ಆ ಮಾತು ನೆನೆಸಿಕೊಂಡು ಎದೆ ಸೆಟೆದು ನಿಲ್ತಿದ್ದೆ. ಅದೂ ನಿನ್ನದಾ? ಬಾಗಿಲಲ್ಲಿ ನಿಂತು ಒಳಗೊಳಗೇ ನಗ್ತಾ ಇದ್ದೆಯಾ?

ನನ್ನ ಮೇಲೆ ಅನುಮಾನ ಪಡೋ ಮೊದಲು ಅದಕ್ಕೆ ಉತ್ತರ ಕೊಡು.

ಸರಿ, ನಿಜ ಕೇಳಿದೆಯಲ್ಲ. ಹೌದು, ಒಬ್ಬರು ಸಹಾಯಕ್ಕೆ ಇದ್ದಾರೆ. ಹೊರಗಿನವರಲ್ಲ, ಕಂಪನಿಯವರೇ. ಗರಗಸ ಯಾರಿಗೂ ಕೊಟ್ಟಿಲ್ಲ, ಮಾರಿಲ್ಲ. ಇವಳ ಮೇಲೆ ಸುಮ್ಮನೆ ಗೂಬೆ ಕೂರಿಸಬೇಡ, ಅವಳು ನಿನ್ನ ವಿಚಾರದಲ್ಲಿ ಒಂದು ಮಾತು ಕೆಟ್ಟದ್ದು ಆಡಿದವಳಲ್ಲ. ಇದಕ್ಕಿಂತ ಹೆಚ್ಚು ಈಗ ಬರೆಯೋಕಾಗಲ್ಲ. ನಾಟಕ ಒಂದು ಮುಗೀಲಿ, ನಾನೇ ಬಂದು ಎದುರು ಕೂತು ಹೇಳ್ತೀನಿ.

ಮೆಟ್ಟಿಲ ಚೌಕಟ್ಟು ನಿಂತಿದೆ. ಹಲಗೆ ಕೊಯ್ಯೋದು ಬಾಕಿ. ಮ್ಯಾನೇಜರ್ ದಿನಾ ಬಂದು ನಿಂತು, ಚೌಕಟ್ಟು ನೋಡಿ, ನನ್ನ ನೋಡಿ ಹೋಗ್ತಾನೆ. ಕೈ ಮುಗೀತೀನಿ, ಕಳಿಸು.

ತಮ್ಮ


ಜುಲೈ 5

ತಮ್ಮಾ,

ಮೊದಲು ನೀನು ಕೇಳಿದ್ದು. ನಾನು ನಗಲಿಲ್ಲ. ಆ ದಿನ ಅಪ್ಪ ನಿನ್ನ ಹಲಗೆ ನೋಡಿ ಆಮೇಲೆ ನನ್ನ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಗೊತ್ತಿತ್ತೋ ಏನೋ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕೈ ನಿನ್ನದೇ, ಹಲ್ಲು ನನ್ನದು. ಯಾರದು ಎಷ್ಟು ಅಂತ ತೂಗೋಕೆ ಹೋಗಬೇಡ.

ಈಗ ನಾನು ಕೇಳಿದ್ದು. "ಒಬ್ಬರು ಇದ್ದಾರೆ." ಒಬ್ಬ ಇದ್ದಾನೆ ಅಂತ ಬರೆಯೋಕೆ ಕೈ ಬರಲಿಲ್ಲವಾ? ನೀನು ಆಳುಗಳಿಗೆ ಬಹುವಚನ ಹಾಕೋನಲ್ಲ. ಅಷ್ಟು ಮರ್ಯಾದೆ ಕೊಡೋ ದೊಡ್ಡ ಮನುಷ್ಯ ಯಾರು? ಮ್ಯಾನೇಜರ್ ಕಡೆಯವನಾ? ನಿನ್ನ ತಲೆ ಮೇಲೆ ಕೂರಿಸಿದಾರಾ?

ಬಸ್ ಡ್ರೈವರನ್ನ ನಿಲ್ಲಿಸಿ ಕೇಳಿದೆ. ಅವನು ಚಹಾ ಲೋಟ ಹಿಡ್ಕೊಂಡು ಗಾಲಿಗೆ ಒರಗಿ ನಿಂತಿದ್ದ.

"ಗರಗಸ ತಂದುಕೊಟ್ಟೆಯಲ್ಲ, ನಿನ್ನ ಕೈಗೆ ಕೊಟ್ಟಿದ್ದು ನನ್ನ ತಮ್ಮನಾ?"

"ಅಲ್ಲ ಕಣಮ್ಮ. ನಿಮ್ಮ ತಮ್ಮ ದೂರ ನಿಂತಿದ್ರು. ಕೊಟ್ಟಿದ್ದು ಒಬ್ಬ ಗಿಡ್ಡ ಆಸಾಮಿ."

"ಮುಖ ಹೇಗಿತ್ತು?"

"ತಲೆಗೆ ಟೋಪಿ, ಮೂಗು ಬಾಯಿಗೆ ಬಟ್ಟೆ, ಮೈಯೆಲ್ಲ ಮರದ ಪುಡಿ. ಮುಖ ಎಲ್ಲಿಂದ ನೋಡ್ಲಿ? ಒಂದು ಮಾತೂ ಆಡಲಿಲ್ಲ. ಗೋಣಿ ಮಾತ್ರ ಮಗೂನ ಕೊಟ್ಟ ಹಾಗೆ ಕೊಟ್ಟ."

ಮುಖ ಮುಚ್ಚಿಕೊಂಡವನು, ಮಾತಾಡದವನು. ನೀನು ದೂರ ನಿಂತೋನು. ನನ್ನ ಜಾಗದಲ್ಲಿ ನೀನಿದ್ದರೆ ಏನು ಅಂದುಕೊಳ್ತಿದ್ದೆ?

ಒಂದು ಮಾತು ಹೇಳಬೇಕು, ಹೇಳೋಕೆ ಹೊಟ್ಟೆ ಉರಿಯುತ್ತೆ, ಆದರೂ ಹೇಳ್ತೀನಿ. ಆ ಕೈ ಒಳ್ಳೇ ಕೈ. ಮರದ ಮೇಲೆ ಜೋರು ಮಾಡಲ್ಲ. ಗರಗಸಕ್ಕೆ ಅದರ ಕೆಲಸ ಬಿಟ್ಟುಕೊಡುತ್ತೆ. ನೀನು ಯಾವತ್ತೂ ಹಾಗೆ ಕೊಯ್ದಿಲ್ಲ, ನೀನು ಮರದ ಜೊತೆ ಜಗಳಕ್ಕೇ ಹೋಗೋನು. ನಾನು ಮಸೆಯುವಾಗ ಹೇಗೆ ಕೊಯ್ಯಬೇಕು ಅಂತ ಮನಸ್ಸಲ್ಲಿ ಅಂದುಕೊಳ್ತಾ ಇದ್ದೆನೋ ಹಾಗೆ ಕೊಯ್ದಿದಾನೆ ಅವನು. ಅದಕ್ಕೇ ಇನ್ನೂ ಕೋಪ.

ಯಾಕೆ ಅಂತ ಕೇಳ್ತೀಯಾ? ಹದಿನಾಲ್ಕು ವರ್ಷದವಳಿದ್ದಾಗ ನಾನೂ ಒಂದು ಹಲಗೆ ಕೊಯ್ದು ನೋಡ್ಲಾ ಅಂತ ಅಪ್ಪನನ್ನು ಕೇಳಿದ್ದೆ. "ಹೆಣ್ಣುಮಗಳು ಮಸೆದರೆ ಸಾಕು, ಕೊಯ್ಯೋದು ಅವನು" ಅಂದ. ನಾನು ಕೈಯಲ್ಲಿದ್ದ ಅರ ಎಸೆದು ಹೋದೆ. ಮರುದಿನ ನಾನೇ ಹುಡುಕಿ ತಂದೆ. ಅವತ್ತಿಂದ ಇವತ್ತಿನವರೆಗೆ ನನ್ನ ಕೈಯಲ್ಲಿ ಎಷ್ಟು ಹಲ್ಲು ಚೂಪಾಗಿವೆಯೋ ಲೆಕ್ಕ ಇಲ್ಲ. ಒಂದು ಕಡ್ಡಿಯನ್ನೂ ಕೊಯ್ದವಳಲ್ಲ. ಕೊಯ್ಯೋದು ಅವನು ಅಂದ ಅಪ್ಪನ ಮಾತಿಗೆ ನಾನೇ ಕಟ್ಟುಬಿದ್ದು ದೂರ ಇದ್ದೆ. ನೀನು ಅದನ್ನ ಯಾವನೋ ಟೋಪಿಯವನಿಗೆ ಕೊಟ್ಟೆ.

ಮುಂದಿನ ಕಾಗದದಲ್ಲಿ ಅವನು ಯಾರು ಅಂತ ಇರಬೇಕು. ಇಲ್ಲದಿದ್ದರೆ ಗರಗಸ ಗೋಡೆಯಿಂದ ಇಳಿಯಲ್ಲ. ಮೆಟ್ಟಿಲು ನಿನ್ನದು, ನಾಟಕ ನಿನ್ನದು, ನೀನೇ ನೋಡ್ಕೋ.

ಅಕ್ಕ


ಜುಲೈ 10

ಅಕ್ಕಾ,

ಟೋಪಿಯವನು ನಿನ್ನ ತಮ್ಮನ ಹೆಂಡತಿ.

ಚಳಿಗಾಲದಲ್ಲಿ ಒಂದು ದೊಡ್ಡ ಚೌಕಟ್ಟು ಎತ್ತುವಾಗ ಬಲ ಭುಜದಲ್ಲಿ ಏನೋ ಕಟ್ ಅಂದಿತು. ಎರಡು ದಿನಕ್ಕೆ ಹೋಗುತ್ತೆ ಅಂದುಕೊಂಡೆ. ಹೋಗಲಿಲ್ಲ, ಬಿಗಿದುಕೊಂಡೇ ಬಂತು. ಈಗ ಕೈ ಎದೆಯಿಂದ ಮೇಲೆ ಏಳಲ್ಲ, ಮೊಣಕೈ ಹಿಂದಕ್ಕೆ ಹೋಗಲ್ಲ. ಅಳತೆ ಹಾಕ್ತೀನಿ, ಗುರುತು ಮಾಡ್ತೀನಿ, ಮೊಳೆ ಇಡ್ತೀನಿ. ಗರಗಸ ಎಳೆಯೋಕಾಗಲ್ಲ. ಕಾಗದದ ಸಾಲು ಜಾರೋದೂ ಅದಕ್ಕೇ, ಕೈ ಜರುಗಿಸೋಕೆ ಕಷ್ಟ.

ಇವಳು ಕಂಪನಿಯಲ್ಲಿ ಪರದೆ, ಪೋಷಾಕು ಹೊಲೀತಾಳೆ ಅಂತ ನಿನಗೆ ಗೊತ್ತು. ಮೊದಲು ಹಲಗೆಯ ಇನ್ನೊಂದು ತುದಿ ಹಿಡ್ಕೊಳ್ಳೋಕೆ ಬಂದಳು. ನಾನು ಒಂದು ದಿನ ಅರ್ಧ ಕೊಯ್ದು ನೋವಿಗೆ ಕೂತುಬಿಟ್ಟೆ. ಅವಳು ಗರಗಸ ತಗೊಂಡು ಮಿಕ್ಕಿದ್ದು ಕೊಯ್ದಳು. ಓರೆ ಹೋಯ್ತು. ಮತ್ತೆ ಕೊಯ್ದಳು, ಮತ್ತೆ ಎಡಕ್ಕೆ. "ಇದು ನನ್ನ ಕೈಯಲ್ಲ, ಇದರ ಹಲ್ಲು" ಅಂದಳು. ನಾನು ನಕ್ಕೆ. ನಮ್ಮಕ್ಕನ ಹಲ್ಲಿಗೆ ಹೆಸರಿಡ್ತೀಯಾ ಅಂದೆ. ಅವಳು ಕತ್ತರಿ ಮಸೆಯೋ ಕಲ್ಲು ತಂದಳು. ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು, ಸರಿಯಾಗಿದ್ದವಳು ಅವಳು.

ಟೋಪಿ, ಬಟ್ಟೆ ಮರದ ಪುಡಿಗೂ ಹೌದು, ಮ್ಯಾನೇಜರ್ ದೂರದಿಂದ ನೋಡಿದರೆ ಯಾರೋ ಕೂಲಿ ಅನ್ನಲಿ ಅಂತಲೂ ಹೌದು. ಬಡಗಿಗೆ ಭುಜ ಇಲ್ಲ ಅಂತ ಗೊತ್ತಾದರೆ ಅವನು ಒಂದು ದಿನ ಇಟ್ಟುಕೊಳ್ಳಲ್ಲ. ಅವತ್ತು ಮಾತಾಗಿದ್ದೂ ಇದಕ್ಕೇ, ಇಷ್ಟು ನಿಧಾನ ಯಾಕೆ ಅಂತ. ಮನೆಯಲ್ಲಿ ನೋವು, ಕಂಪನಿಯಲ್ಲಿ ಭಯ, ನಿನಗೆ ಸುಳ್ಳು. ಎಲ್ಲಾ ಒಂದೇ ಪದದಲ್ಲಿ ಮುಚ್ಚಿಟ್ಟು ಬರೆದೆ. ಅದು ಎಲ್ಲಿ ಬೇಕಾದರೂ ಕೂರುತ್ತೆ, ಅದೇ ಅನುಕೂಲ.

ನಿನಗೆ ಯಾಕೆ ಹೇಳಲಿಲ್ಲ ಗೊತ್ತಾ? ನೀನು ಅರ ಎಸೆದು ಹೋದಾಗ ನಾನು ಮರದ ರಾಶಿ ಹಿಂದೆ ಇದ್ದೆ. ಎಲ್ಲಾ ಕೇಳಿಸಿತು. ಯಾವುದನ್ನು ನಿನಗೆ ಕೊಡಲಿಲ್ಲವೋ ಅದನ್ನು ನನ್ನ ಹೆಂಡತಿ ಕೈಗೆ ಕೊಟ್ಟೆ ಅಂತ ನಿನಗೆ ಹೇಗೆ ಬರೆಯಲಿ? ಟೋಪಿಯವನಾಗಿದ್ದರೆ ನೀನು ಬೈದು ಸುಮ್ಮನಾಗ್ತೀಯ ಅಂದುಕೊಂಡೆ.

ಇನ್ನು ನಿನ್ನಿಷ್ಟ.

ತಮ್ಮ

ಅತ್ತಿಗೆ ಅವರಿಗೆ: ಎಡಗಡೆ ಹಲ್ಲು ಸವರಿದ್ದು ನಾನೇ. ಕೇಳದೆ ಮುಟ್ಟಿದ್ದು ತಪ್ಪು, ಸವರಿದ್ದು ತಪ್ಪಲ್ಲ. ಹಲಗೆ ಓರೆ ಬಂದರೆ ಮೆಟ್ಟಿಲಿಂದ ಬೀಳೋದು ನಾಯಕಿ, ನಾನೂ ಅಲ್ಲ ನೀವೂ ಅಲ್ಲ. ಹಳೇ ಸಾಮಾನು ಯಾಕೆ ಅಂತ ನಾನು ಅಂದಿದ್ದು ನಿಮ್ಮ ಮನೆಯ ಮುರಿದ ಕುರ್ಚಿಗೆ, ಗರಗಸಕ್ಕಲ್ಲ. ನಿಮ್ಮ ಕಾಗದದಲ್ಲಿ ಆ ಕೈ ಒಳ್ಳೇ ಕೈ ಅಂತ ಬರೆದಿದ್ದನ್ನು ಇವರು ಜೋರಾಗಿ ಓದಿದರು. ನಾನು ಒಳಗೆ ಹೋಗಿ ಕೈ ನೋಡಿಕೊಂಡೆ.


ಜುಲೈ 18

ಅಕ್ಕಾ,

ಕಾಗದವಿಲ್ಲ, ಗರಗಸವಿಲ್ಲ. ದಿನಾ ಬಸ್ ನಿಲ್ದಾಣಕ್ಕೆ ಹೋಗಿ ಬರ್ತೀನಿ. ಡ್ರೈವರ್ ನನ್ನ ನೋಡಿದ ಕೂಡಲೇ ತಲೆ ಅಲ್ಲಾಡಿಸ್ತಾನೆ.

ತಗಡಿನ ಗರಗಸದಲ್ಲಿ ಇವಳು ಎರಡು ಹಲಗೆ ಕೊಯ್ದಳು. ಕೈ ಬೊಬ್ಬೆ ಬಂತು, ಅಂಚು ಸಿಗುರು ಸಿಗುರು. ಇವತ್ತು ಮ್ಯಾನೇಜರ್ ಜೊತೆ ಇನ್ನೊಬ್ಬ ಬಡಗಿ ಬಂದಿದ್ದ. ಚೌಕಟ್ಟಿನ ಸುತ್ತ ನಡೆದು, ಕೈಯಿಂದ ಅಲ್ಲಾಡಿಸಿ ನೋಡಿ ಹೋದ. ಈ ವಾರದೊಳಗೆ ಹಲಗೆ ಕೂರದಿದ್ದರೆ ಮುಂದಿನದು ಅವನದು.

ಕೋಪ ಇದ್ದರೆ ಬೈದಾದರೂ ಬರಿ. ನೀನು ಬೈದರೆ ತಡೆಯಬಹುದು. ಸುಮ್ಮನಿದ್ದರೆ ಏನು ಮಾಡಬೇಕು ತಿಳಿಯಲ್ಲ. ಇವಳು ಮಾತ್ರ ಬೇರೆ ಮಾತು ಅಂತಾಳೆ. "ನಿಮ್ಮಕ್ಕ ಕೋಪಕ್ಕೆ ಸುಮ್ಮನಿರೋರಲ್ಲ, ಏನೋ ಮಾಡ್ತಾ ಇದ್ದಾರೆ" ಅಂತ. ನಿನ್ನ ನೋಡಿರೋದು ಎರಡು ಸಲ, ನನಗಿಂತ ಹೆಚ್ಚು ಗೊತ್ತಿರೋ ಹಾಗೆ ಮಾತಾಡ್ತಾಳೆ.

ತಮ್ಮ


ಜುಲೈ 20

ತಮ್ಮಾ,

ನಿನ್ನ ಹೆಂಡ್ತಿ ಹೇಳಿದ್ದು ಸರಿ. ಅದೂ ನನಗೆ ಇಷ್ಟ ಆಗಲಿಲ್ಲ.

ಗರಗಸ ಈ ಕಾಗದದ ಜೊತೆಗೇ ಇದೆ. ಡ್ರೈವರಿಗೆ ಹೇಳಿದೀನಿ, ಟೋಪಿಯವಳ ಕೈಗೇ ಕೊಡು, ದೂರ ನಿಂತೋನಿಗೆ ಬೇಡ ಅಂತ. ಬಾಯಿ ತೆರೆದುಕೊಂಡು ನಿಂತ. ನಿಲ್ಲಲಿ.

ಭುಜದ ವಿಚಾರ ಚಳಿಗಾಲದಿಂದ ಬಚ್ಚಿಟ್ಟೆ. ಕತ್ತೆ. ನಿನ್ನನ್ನು ಎದುರಿಗೆ ನಿಲ್ಲಿಸಿ ಬೈಯಬೇಕು, ಕಾಗದದಲ್ಲಿ ಬೈದರೆ ಅರ್ಧ ದಾರಿಯಲ್ಲೇ ಆರಿಹೋಗುತ್ತೆ. ಡಾಕ್ಟರಿಗೆ ತೋರಿಸಿದೆಯಾ? ತೋರಿಸಿದ್ದರೆ ಏನಂದ ಅಂತ ಪೂರ್ತಿ ಬರಿ. "ಸೆಟ್ ಆಗುತ್ತಂತೆ" ಅಂತ ಬರೆದರೆ ನಾನೇ ಬಸ್ ಹತ್ತಿ ಬಂದು ಆ ಭುಜ ಹಿಡಿದು ಅಲ್ಲಾಡಿಸ್ತೀನಿ.

ನಿನ್ನ ಕಾಗದ ಓದಿದ ದಿನ ಬೆಂಚಿನ ಹತ್ತಿರ ಹೋಗಲಿಲ್ಲ. ಮಾರನೇ ದಿನವೂ ಹೋಗಲಿಲ್ಲ. ಯಾವನೋ ಟೋಪಿಯವನ ಮೇಲೆ ಇಟ್ಟುಕೊಂಡ ಕೋಪ ಎಲ್ಲಿ ಇಳಿಸೋದು ಅಂತ ತಿಳೀಲಿಲ್ಲ. ನಿನ್ನ ಹೆಂಡ್ತಿ ಮೇಲೆ ಇಳಿಸೋಣ ಅಂತ ನೋಡಿದೆ. ಅವಳು ಬರೆದ ನಾಲ್ಕು ಸಾಲು ಮತ್ತೆ ಓದಿದೆ. ಇಳಿಸೋಕೆ ಜಾಗ ಸಿಗಲಿಲ್ಲ. ಕುರ್ಚಿ ವಿಚಾರ ಮಾತ್ರ ನಾನು ಪೂರ್ತಿ ನಂಬಿಲ್ಲ, ಅದು ಇರಲಿ.

ಆಮೇಲೆ ಗರಗಸ ಗೋಡೆಯಿಂದ ಇಳಿಸಿದೆ. ಮಸೆದು ಮುಗಿದಿತ್ತು ಅಂತ ಬರೆದಿದ್ದೆನಲ್ಲ, ಅದು ನಿನ್ನ ಕೈಗೆ ಮಸೆದಿದ್ದು. ಎಡಗಡೆ ಮತ್ತೆ ಹೆಚ್ಚು ಬಾಗಿಸಿ ಇಟ್ಟಿದ್ದೆ. ಆ ಹಲ್ಲೆಲ್ಲ ಅರದಿಂದ ಉಜ್ಜಿ ತೆಗೆದು ಬೋಳು ಮಾಡಿದೆ. ಹೊಸ ಹಲ್ಲು ಬಿಡಿಸಿದೆ, ಒಂದು ಗಾತ್ರ ಚಿಕ್ಕದು, ಪ್ಲೈವುಡ್ಡಿನ ಅಂಚು ಸಿಗುರು ಏಳದಿರಲಿ ಅಂತ. ಎಡ ಬಲ ಎರಡೂ ಸಮ ಬಾಗಿಸಿದೆ. ಸಮ ಮಾಡಿ ಎಷ್ಟು ವರ್ಷವಾಗಿತ್ತು ಅಂದರೆ ಕೈ ತಾನಾಗೇ ಎಡಕ್ಕೆ ಹೆಚ್ಚು ಒತ್ತೋದು. ಎರಡು ಸಲ ತಪ್ಪಿ ಎರಡು ಸಲ ತೆಗೆದು ಮತ್ತೆ ಮಾಡಿದೆ. ಅದಕ್ಕೇ ತಡ. ನಿನ್ನ ಮೇಲಿನ ಹಟಕ್ಕಲ್ಲ. ಮೊದಲೆರಡು ದಿನ ಹಟಕ್ಕೇ.

ಹಿಡಿಯನ್ನೂ ಕೆತ್ತಿ ಸಣ್ಣ ಮಾಡಿದೀನಿ. ಅವಳ ಕೈ ಅಳತೆ ನನಗೆ ಹೇಗೆ ಗೊತ್ತು ಅಂತೀಯಾ? ಹಿಡಿಯ ಮೇಲೆ ಅಪ್ಪನ ಬೆರಳು ಕೂತ ಹಳ್ಳ ಇದೆ, ನಿನ್ನದೂ ಅದರಲ್ಲೇ ಕೂರ್ತಿತ್ತು. ಈ ಸಲ ಬೆವರಿನ ಕಲೆ ಆ ಹಳ್ಳದಿಂದ ಒಳಗೆ, ಇನ್ನೊಂದು ಜಾಗದಲ್ಲಿ ಇತ್ತು. ಅಲ್ಲಿ ನನ್ನ ಬೆರಳಿಟ್ಟು ನೋಡಿದೆ. ಸರಿಯಾಗಿ ಕೂತವು. ಹಲ್ಲು ಸವೆದ ಉದ್ದಕ್ಕೆ ನನ್ನ ತೋಳು ಚಾಚಿ ನೋಡಿದೆ. ಅದೂ ನನ್ನಷ್ಟೇ.

ಹಾಗಾಗಿ ಅವಳ ಕೈಗೆ ಒಪ್ಪುತ್ತಾ ಇಲ್ಲವಾ ಅಂತ ನೋಡೋಕೆ ಬೇರೆ ದಾರಿ ಇರಲಿಲ್ಲ. ಹಿತ್ತಲ ಬಾಗಿಲು ಹಾಕಿದೆ. ಯಾರೂ ನೋಡೋರಿರಲಿಲ್ಲ, ಆದರೂ ಹಾಕಿದೆ. ಅಪ್ಪನ ಬೆಂಚಿಗೆ ಒಂದು ಹಳೇ ಹಲಗೆ ಬಿಗಿದು, ಗೆರೆ ಹಾಕಿ, ಕೊಯ್ದೆ.

ಸದ್ದು ಕೇಳಿಸಲಿಲ್ಲ, ಕಿವಿ ಇಲ್ಲವಲ್ಲ. ಕೈಗೆ ಗೊತ್ತಾಗ್ತಿತ್ತು. ಪುಡಿ ಕಾಲಿನ ಮೇಲೆ ಬಿದ್ದಾಗ ಬಿಸಿ ಇರುತ್ತೆ ಅಂತ ನೀನು ಯಾವತ್ತೂ ಹೇಳಲಿಲ್ಲ.

ತುಂಡು ಗೋಣಿಯಲ್ಲಿ ಹಾಕಿದೀನಿ, ನೋಡು. ಶುರುವಿನಲ್ಲಿ ಗೆರೆ ಮೇಲೇ ಇದೆ. ಆಮೇಲೆ ಬಲಕ್ಕೆ ಓಡಿದೆ. ಥೇಟ್ ನಿನ್ನದೇ. ಗರಗಸದ ಮೇಲೇ ಅನುಮಾನ ಬಂದು, ಬೆಳಕಿಗೆ ಹಿಡಿದು ಎರಡೂ ಸಾಲು ನೋಡಿದೆ. ಸಮ ಇವೆ. ಮಣಿಕಟ್ಟು ತಿರುಗೋದು ನನ್ನದೂ. ನಗೋದಿದ್ದರೆ ಒಬ್ಬನೇ ನಕ್ಕು ಮುಗಿಸು.

ಅದನ್ನ ಒಲೆಗೆ ಹಾಕಬೇಡ. ನಿನ್ನ ಹೆಂಡ್ತಿಗೆ ಕೊಡು. ಮೆಟ್ಟಿಲು ಮುಗಿದ ಮೇಲೆ, ನಾನು ಕೊಯ್ದಿದ್ದು ಎಲ್ಲಿಂದ ತಪ್ಪಿದೆ, ಕೈ ಹೇಗಿಡಬೇಕು, ಬಿಡಿಸಿ ಬರೆದು ಕಳಿಸಲಿ. ಅವಳೇ ಬರೀಲಿ. ನೀನು ಬರೆದರೆ ಸೆಟ್ ಆಗಿದೆ ಅಂತೀಯ.

ಅಕ್ಕ